ಅತಿಥಿಗಳಿಗೆ ನೆಟ್ಟ ಬದನೆ

ನನ್ನ ಮೊದಲ ಉದ್ಯೋಗ ಕೂತಿರುವುದು. ಹುಟ್ಟುಗುರುಡಿಗೆ ಹುಟ್ಟಿನಿಂದಲೇ ಬಂದ ಕೆಲಸ. ಒಲೆಯ ಹತ್ತಿರ ಹೋದರೆ, ‘ಸುಟ್ಕೋತೀಯ, ಕೂತ್ಕೋ.’ ಬಾವಿಯ ಹತ್ತಿರ ಹೋದರೆ, ‘ಬಿದ್ದು ಸಾಯ್ತೀಯ, ಕೂತ್ಕೋ.’ ನೆಂಟರು ಬಂದರೆ, ‘ಒಳಗೆ ಹೋಗಿ ಕೂತ್ಕೋ.’ ನೆಂಟರು ಹೋದ ಮೇಲೆ, ಪಾಪ, ಇಷ್ಟು ಹೊತ್ತು ಒಳಗೇ ಇದ್ದಳಲ್ಲ ಎಂದು ಕನಿಕರಪಟ್ಟು, ‘ಹೊರಗೆ ಬಂದು ಕೂತ್ಕೋ.’ ಈ ಕೆಲಸಕ್ಕೆ ರಜೆ ಇಲ್ಲ, ನಿವೃತ್ತಿಯೂ ಇಲ್ಲ. ಮೂವತ್ತು ದಾಟಿದರೂ ಮನೆಯಲ್ಲಿ ನನ್ನ ಹೆಸರು ಪುಟ್ಟಿ. ಕೂತಲ್ಲೇ ಕೂತವಳು ದೊಡ್ಡವಳಾಗುವುದು ಹೇಗೆ, ಹೇಳಿ.

ನನ್ನನ್ನು ಎಬ್ಬಿಸುತ್ತಿದ್ದವಳು ಅಮ್ಮ ಒಬ್ಬಳೇ. ಮನೆಯ ಹಿಂದೆ ಬಾವಿಯ ಪಕ್ಕ ಒಂದು ತುಂಡು ಜಾಗವಿತ್ತು. ಅಲ್ಲಿ ಅವಳು ತರಕಾರಿ ಬೆಳೆಯುತ್ತಿದ್ದಳು. ಅಣ್ಣ ಇಲ್ಲದ ಹೊತ್ತು ನೋಡಿ ನನ್ನ ಕೈಹಿಡಿದು ಕರೆದೊಯ್ದು ಬದನೆ ಗಿಡ ಮುಟ್ಟಿಸುತ್ತಿದ್ದಳು. ತೊಟ್ಟಿನ ಮುಳ್ಳು ಚುಚ್ಚಿ ನಾನು ಕೈ ಹಿಂದಕ್ಕೆಳೆದರೆ ನಗುತ್ತಿದ್ದಳು. ‘ಈ ಜಾಗ ನಿಂದು ಕಣೇ’ ಎನ್ನುತ್ತಿದ್ದಳು. ಬರೀ ಬಾಯಿಮಾತು. ಅಮ್ಮ ಹೋದಳು, ಅವಳ ಬಾಯಿಮಾತೂ ಹೋಯಿತು. ಅಣ್ಣ ಆ ಜಾಗದಲ್ಲಿ ಕೊಟ್ಟಿಗೆ ಕಟ್ಟಲು ಕಲ್ಲು ತರಿಸಿದ.

‘ಅದು ಅಮ್ಮ ನಂಗೆ ಕೊಟ್ಟಿದ್ದು’ ಅಂದೆ.

‘ಇಟ್ಕೊಂಡು ಏನ್ಮಾಡ್ತೀಯ? ಅಲ್ಲಿ ಹೋಗಿ ಕೂತ್ಕೋತೀಯಾ?’

‘ಬೆಳೀತೀನಿ.’

ಅತ್ತಿಗೆ ಕಿಸಕ್ಕನೆ ನಕ್ಕಳು. ಅಣ್ಣ ನಗಲಿಲ್ಲ. ಅವನು ಕೆಟ್ಟವನಲ್ಲ. ನನ್ನ ಮೇಲೆ ಅವನಿಗೆ ಪ್ರೀತಿ ಇದೆ, ನಂಬಿಕೆ ಇಲ್ಲ, ಅಷ್ಟೇ. ಪ್ರೀತಿ ಇರುವವರ ಜೊತೆ ಜಗಳವಾಡುವುದು ಬಹಳ ಕಷ್ಟ.

‘ಕಣ್ಣಿಲ್ಲದೋರಿಗೆ ಬೇಸಾಯ ಕಲಿಸೋ ಕೇಂದ್ರ ಇದೆಯಂತೆ’ ಎಂದ. ‘ಒಂದು ವರ್ಷ ಇದ್ದು ಬಾ. ನಿನ್ನ ಕೈಯಾರೆ ಬೆಳೆದ ಒಂದು ಕಾಯಿ ತಂದು ನನ್ನ ಕೈಗೆ ಕೊಡು. ಜಾಗ ನಿಂದು. ಆಗ್ಲಿಲ್ವಾ, ಕೊಟ್ಟಿಗೆ ಕಟ್ತೀನಿ. ಆಮೇಲೆ ಅಳಬಾರದು.’

‘ಒಂದು ಬದನೆಕಾಯಿ. ಅಷ್ಟೇ ತಾನೆ?’

‘ಅಷ್ಟೇ.’

ಒಂದು ಬದನೆಕಾಯಿಗಾಗಿ ನಾನು ಮನೆ ಬಿಟ್ಟೆ.

ಕೇಂದ್ರದ ಹೆಸರು ಅಂಧರ ಕೃಷಿ ತರಬೇತಿ ಮತ್ತು ವೃತ್ತಿ ಪುನರ್ವಸತಿ ಕೇಂದ್ರ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಒಂದು ಪಾತಿಯ ಕಳೆ ಕಿತ್ತುಬಿಡಬಹುದು. ಬಾಗಿಲಲ್ಲಿ ದೊಡ್ಡ ಬೋರ್ಡಿದೆಯಂತೆ, ಬಹಳ ದೂರದಿಂದಲೇ ಕಾಣುತ್ತದಂತೆ. ಯಾರಿಗೆ ಎಂದು ಮಾತ್ರ ಕೇಳಬೇಡಿ.

ಮೊದಲ ದಿನ ನಿರ್ದೇಶಕರು ಭಾಷಣ ಮಾಡಿದರು. ‘ನಿಮಗೆ ಕಣ್ಣಿಲ್ಲ ಅಂತ ಯಾರು ಹೇಳಿದ್ದು? ನಿಮಗೆ ಒಳಗಣ್ಣಿದೆ!’

‘ಹಾಗಾದ್ರೆ ಬರ್ತಾ ಮೆಟ್ಟಿಲು ಎಡವಿ ಬಿದ್ನಲ್ಲ, ಅದ್ಯಾಕಕ್ಕ?’ ಎಂದು ಪಕ್ಕದಲ್ಲಿದ್ದವನು ನನ್ನ ಕಿವಿಯಲ್ಲಿ ಕೇಳಿದ. ಅವನೇ ರೇಡಿಯೋ. ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿದು ಎರಡು ಕಣ್ಣೂ ಹೋದವನು. ಬಾಯಿಗೆ ಏನೂ ಆಗಿರಲಿಲ್ಲ. ಆಫ್ ಮಾಡುವ ಗುಂಡಿ ಇಲ್ಲದ್ದರಿಂದ ಅವನಿಗೆ ಆ ಹೆಸರು.

ಬೆಳಿಗ್ಗೆ ಪಾಠ. ಬದನೆ ಗಿಡಕ್ಕೆ ಬೇರು ಕೆಳಗಿರುತ್ತದೆ. ಎಲೆ ಮೇಲಿರುತ್ತದೆ. ಕಾಯಿಯ ಬಣ್ಣ ನೇರಳೆ. ನೇರಳೆ ಎನ್ನುವುದನ್ನು ನಾವೆಲ್ಲ ಒಟ್ಟಿಗೆ ಜೋರಾಗಿ ಹೇಳಬೇಕಾಗಿತ್ತು, ಮರೆಯಬಾರದಲ್ಲ. ಪುಸ್ತಕದ ಬದನೆಕಾಯಿ ಎನ್ನುವುದು ಬರೀ ಮಾತು ಎಂದು ತಿಳಿದಿದ್ದೆ. ಅದಕ್ಕೊಂದು ಕಟ್ಟಡ, ಒಬ್ಬ ನಿರ್ದೇಶಕರು ಇದ್ದಾರೆಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಗುದ್ದಲಿ ಕುಡುಗೋಲುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಮಗೆ ಗಾಯವಾಗಬಾರದು ಎಂಬ ಕಾಳಜಿ.

ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಚೀಲ ತುಂಬುವುದು. ಮಣ್ಣು ಜರಡಿ ಹಿಡಿಯಬೇಕು. ಗೊಬ್ಬರ ಹೊತ್ತು ತಂದು ಬೆರೆಸಬೇಕು. ಪುಟ್ಟ ಪುಟ್ಟ ಪ್ಲಾಸ್ಟಿಕ್ ಚೀಲಗಳಿಗೆ ಒತ್ತಿ ಒತ್ತಿ ತುಂಬಬೇಕು. ಆ ಚೀಲಗಳಲ್ಲಿ ಸಸಿ ಬೆಳೆಸಿ ಲಾರಿಯಲ್ಲಿ ಹೊರಗೆ ಮಾರಲು ಕಳಿಸುತ್ತಿದ್ದರು. ಗೊಬ್ಬರದಲ್ಲಿ ಗಾಜಿನ ಚೂರಿರುತ್ತಿತ್ತು. ಕುಡುಗೋಲಿನಿಂದ ಗಾಯವಾಗುತ್ತದೆ, ಗಾಜಿನಿಂದ ಆಗುವುದಿಲ್ಲ ಎಂಬುದು ಕೇಂದ್ರದ ವಿಜ್ಞಾನ. ಉಗುರಿನ ಬುಡ ಒಡೆದು ರಕ್ತ ಬರುತ್ತಿತ್ತು. ಸೊಂಟ ನೆಟ್ಟಗಾಗುತ್ತಿರಲಿಲ್ಲ. ಬೆರಳ ತುದಿ ಒಡೆದರೆ ನಿಮಗೆ ನೋವಾಗುತ್ತದೆ, ಅಷ್ಟೇ. ನಮಗೆ ಪ್ರಪಂಚವೇ ಮಸುಕಾಗುತ್ತದೆ. ಅನ್ನದ ತಟ್ಟೆ ಯಾವುದು, ಬಾಗಿಲ ಚಿಲಕ ಯಾವುದು, ಎಲ್ಲವೂ ಒಂದೇ ಥರ ಉರಿಯುತ್ತದೆ.

‘ಇದಕ್ಕೆ ಕೂಲಿ ಇಲ್ವಾ ಸಾರ್?’ ಎಂದು ರೇಡಿಯೋ ಕೇಳಿದ.

‘ಕೂಲಿ ಅಲ್ಲಪ್ಪ ಇದು, ಚಿಕಿತ್ಸೆ’ ಎಂದರು ನಿರ್ದೇಶಕರು. ‘ಮಣ್ಣು ಮುಟ್ಟಿದ್ರೆ ಮನಸ್ಸು ಹಗುರ ಆಗುತ್ತೆ.’

‘ಹಾಗಾದ್ರೆ ನೀವೂ ಬನ್ನಿ ಸಾರ್, ನಿಮ್ಮ ಮನಸ್ಸೂ ಹಗುರ ಆಗ್ಲಿ.’

ಆ ವಾರ ರೇಡಿಯೋಗೆ ಎರಡು ಪಾಲು ಚಿಕಿತ್ಸೆ ಸಿಕ್ಕಿತು.

ಇಷ್ಟರ ನಡುವೆ ನಾನು ನಿಜವಾಗಿ ಕಲಿತದ್ದು ಒಂದೇ, ಗಂಟುಹಗ್ಗ. ಅದನ್ನು ಕಲಿಸಿದವನು ತೋಟ ನೋಡಿಕೊಳ್ಳುವ ಮುದುಕ. ನಾವು ಅವನನ್ನು ತಾತ ಎನ್ನುತ್ತಿದ್ದೆವು. ಪಾತಿಯ ಎರಡು ತುದಿಗೆ ಗೂಟ ಹೊಡೆದು ಹಗ್ಗ ಬಿಗಿಯಬೇಕು. ಗಿಡಕ್ಕೆ ಗಿಡಕ್ಕೆ ಎಷ್ಟು ಅಂತರ ಬೇಕೋ ಅಷ್ಟಷ್ಟಕ್ಕೆ ಹಗ್ಗದಲ್ಲಿ ಗಂಟು. ಎಡಗೈ ಹಗ್ಗದ ಮೇಲೆ ಹರಿಯುತ್ತಾ ಹೋಗುತ್ತದೆ, ಗಂಟು ಸಿಕ್ಕಲ್ಲಿ ಬಲಗೈ ಗುಣಿ ತೋಡುತ್ತದೆ. ಅವರವರ ಹಗ್ಗ ಅವರವರೇ ಮಾಡಿಕೊಳ್ಳಬೇಕು. ನನ್ನ ಗಂಟು ಸ್ವಲ್ಪ ಎಡಕ್ಕೆ ವಾಲಿಕೊಂಡಿರುತ್ತದೆ. ಎಷ್ಟು ತಿದ್ದಿದರೂ ಹಾಗೇ. ಸಾವಿರ ಗಂಟಿನಲ್ಲಿ ಇಟ್ಟರೂ ನನ್ನದು ನನಗೆ ಸಿಗುತ್ತದೆ.

ಆದರೆ ಆ ಹಗ್ಗ ಪಾತಿಗೆ ಬೀಳುತ್ತಿದ್ದದ್ದು ಅತಿಥಿಗಳು ಬರುವ ದಿನ ಮಾತ್ರ. ಅಂದು ನಾವು ರೈತರಾಗುತ್ತಿದ್ದೆವು. ಹಸಿರು ಅಂಗಿ ಕೊಡುತ್ತಿದ್ದರು. ಎಲ್ಲರಿಗೂ ಒಂದೊಂದು ಕಪ್ಪು ಕನ್ನಡಕ. ನಮ್ಮ ಕಣ್ಣಿಗೆ ಬಿಸಿಲು ಹೊಡೆಯುತ್ತದೆಂದಲ್ಲ, ನಮ್ಮ ಕಣ್ಣು ಅತಿಥಿಗಳಿಗೆ ಹೊಡೆಯುತ್ತದೆ. ಸಂಜೆ ಅಂಗಿ, ಕನ್ನಡಕ ಎರಡನ್ನೂ ವಾಪಸು ಪಡೆಯುತ್ತಿದ್ದರು.

ಮೊದಲ ಸಲ ಸಸಿ ಕೈಗೆ ಬಂತು. ಬದನೆ. ಎಲೆಯ ಮೇಲಿನ ರೋಮದಂಥ ಸುಂಕು ಬೆರಳಿಗೆ ತಾಗಿತು. ಅಮ್ಮನ ಸೆರಗಿನ ವಾಸನೆ ಎಲ್ಲಿಂದಲೋ ಬಂತು. ಗುಣಿಯಲ್ಲಿಟ್ಟು ಸುತ್ತ ಮಣ್ಣು ಒತ್ತಿದೆ. ಇದು ನನ್ನ ಗಿಡ, ನಾಳೆ ಬಂದು ಇದನ್ನೇ ಮುಟ್ಟಿ ನೋಡಬೇಕು ಎನಿಸಿತು. ಹಸಿರು ಅಂಗಿಯ ಕೆಳಗಿದ್ದ ನನ್ನ ಸೆರಗಿನ ಅಂಚಿನಿಂದ ಒಂದು ನೂಲು ಕಿತ್ತು ಕಾಂಡಕ್ಕೆ ಸಡಿಲವಾಗಿ ಸುತ್ತಿ ಗಂಟು ಹಾಕಿದೆ.

ಆ ದಿನದ ಅತಿಥಿ ನನ್ನ ಪಕ್ಕದಲ್ಲಿದ್ದ ರೇಡಿಯೋನ ಮುಂದೆ ನಿಂತು ಹೇಳಿದರು, ‘ಎಷ್ಟು ಅಚ್ಚುಕಟ್ಟು! ಕಣ್ಣಿದ್ದೋರಿಗೂ ಹೀಗೆ ನೆಡೋಕೆ ಬರಲ್ಲ!’

‘ನಿಜ ಸಾರ್’ ಎಂದ ರೇಡಿಯೋ ಬಹಳ ವಿನಯದಿಂದ. ಅವನು ಸಸಿಯನ್ನು ತಲೆಕೆಳಗೆ ನೆಟ್ಟಿದ್ದ. ಎಲೆ ಮಣ್ಣಿನೊಳಗೆ, ಬೇರು ಗಾಳಿಗೆ. ಫೋಟೋ ತೆಗೆದರು, ಚಪ್ಪಾಳೆ ತಟ್ಟಿದರು. ಅತಿಥಿ ಮುಂದಕ್ಕೆ ಹೋದ ಮೇಲೆ ರೇಡಿಯೋ ಅದನ್ನು ಕಿತ್ತು ಸರಿಯಾಗಿ ನೆಟ್ಟ. ಗಿಡದ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಆ ಫೋಟೋ ಈಗಲೂ ಕಚೇರಿಯ ಗೋಡೆಯ ಮೇಲಿದೆ ಎಂದು ಅಡುಗೆಯವಳು ನಗುತ್ತಾ ಹೇಳುತ್ತಿರುತ್ತಾಳೆ.

ಮರುದಿನ ಪಾತಿಯ ಕಡೆ ಹೊರಟರೆ ತಡೆದರು. ‘ಮದ್ದು ಹೊಡೆದಿದೀವಿ, ಆ ಕಡೆ ಬರಬೇಡಿ.’ ಅದರ ಮರುದಿನವೂ ಮದ್ದು. ಆಮೇಲೆ ಒಂದು ದಿನ ನಿರ್ದೇಶಕರು ನನ್ನನ್ನು ಕರೆಸಿ ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು, ‘ನೀನು ನೆಟ್ಟಿದ್ದು ಬದುಕಲಿಲ್ಲಮ್ಮ. ಬೇಜಾರು ಮಾಡ್ಕೋಬೇಡ. ಕೆಲವರ ಕೈಗುಣ ಹಾಗೆ.’

ಮುಂದಿನ ಅತಿಥಿ ಬಂದರು, ನೆಟ್ಟೆವು. ಮದ್ದು ಹೊಡೆದರು. ಬದುಕಲಿಲ್ಲ. ಮತ್ತೆ ಅತಿಥಿ, ಮತ್ತೆ ಮದ್ದು, ಮತ್ತೆ ಕೈಗುಣ. ಒಂದು ಸಲ ನನ್ನ ಎದುರಿಗೇ ಅಣ್ಣನಿಗೆ ಫೋನ್ ಮಾಡಿದರು. ‘ನಿಮ್ಮ ತಂಗಿ ಪಾಪ, ಶ್ರಮ ಪಡ್ತಾಳೆ. ಕೈಗುಣ ಒಂದಿಲ್ಲ ನೋಡಿ.’ ಆ ಕಡೆಯಿಂದ ಅಣ್ಣನ ದನಿ ಕೇಳಿಸಿತು. ‘ನಂಗೆ ಗೊತ್ತಿತ್ತು ಸಾರ್.’

ನಾನೂ ನಂಬಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಣ್ಣಿಲ್ಲದಿದ್ದರೂ ನಾನು ಕಣ್ಣನ್ನು ಯಾವತ್ತೂ ಬೈದವಳಲ್ಲ. ಆದರೆ ಕೈಯನ್ನು ಬೈದೆ. ನನಗಿದ್ದದ್ದು ಅವೆರಡೇ ಕೈ. ಊಟಕ್ಕೆ ಕೂತಾಗಲೂ ಅವುಗಳ ಮೇಲೆ ಅಸಹ್ಯ ಬರುತ್ತಿತ್ತು. ಮುಟ್ಟಿದ್ದೆಲ್ಲ ಸಾಯುತ್ತದೆ ಎಂದು ನಂಬಿಸಿಬಿಟ್ಟಿದ್ದರು.

ವರ್ಷದ ಕೊನೆ ಹತ್ತಿರ ಬರುತ್ತಿತ್ತು. ಮತ್ತೊಬ್ಬ ಅತಿಥಿ ಬಂದರು. ಹೊಸ ಸಸಿಗಳು ಬಂದಿವೆ ಎಂದರು ನಿರ್ದೇಶಕರು. ತಟ್ಟೆಯಿಂದ ಒಂದು ಸಸಿ ಎತ್ತಿಕೊಂಡೆ. ಬಡಕಲು ಗಿಡ. ಕಾಂಡ ಗಟ್ಟಿಯಾಗಿ ಕಟ್ಟಿಗೆಯಾಗಿತ್ತು, ಎತ್ತರ ಮಾತ್ರ ಎಳೆ ಸಸಿಯಷ್ಟೇ. ಬೆರಳು ಕೆಳಕ್ಕೆ ಸರಿಯಿತು. ಕಾಂಡದ ಬುಡದಲ್ಲಿ ಒಂದು ನೂಲು. ನೂಲಿನಲ್ಲಿ ಒಂದು ಗಂಟು. ಗಂಟು ಎಡಕ್ಕೆ ವಾಲಿತ್ತು.

ನಾನು ಬಹಳ ಹೊತ್ತು ಅದನ್ನೇ ಹಿಡಿದು ಕೂತೆ. ಸತ್ತಿದೆ ಎಂದು ಹೇಳಿದ್ದ ಗಿಡ. ನನ್ನ ಕೈಯೊಳಗೆ ಇದೆ. ಎಷ್ಟು ಸಲ ಕಿತ್ತರೋ, ಎಷ್ಟು ಸಲ ಹೂತರೋ, ಆದರೂ ಹಟಮಾರಿ ಬದುಕಿಕೊಂಡಿದೆ. ನನಗೆ ಕೈಗುಣವಿಲ್ಲವಂತೆ!

ಅದನ್ನು ಮತ್ತೆ ನೆಟ್ಟೆ. ಆ ಸಂಜೆ ತಾತನ ಕೈ ಹಿಡಿದುಕೊಂಡೆ. ‘ನಿಜ ಹೇಳು ತಾತ. ಯಾರು ಕೀಳೋದು?’

ಮುದುಕ ಹೇಳಿದ, ‘ನಾನೇ ಕಣಮ್ಮ. ಕೀಳು ಅಂತಾರೆ, ಕೀಳ್ತೀನಿ. ನೆರಳಲ್ಲಿಟ್ಟು ಸಾಯದ ಹಾಗೆ ನೋಡ್ಕೋತೀನಿ. ಅವು ಅಲ್ಲೇ ಬೆಳೆದ್ಬಿಟ್ರೆ ಮುಂದಿನ ಅತಿಥಿ ಬಂದಾಗ ನೀವು ನೆಡೋದೆಲ್ಲಿ? ನಿಮಗೆ ಅಂತ ಇರೋದು ಒಂದೇ ಪಾತಿ.’

ಬೇಸಾಯದಲ್ಲಿ ಇಂಥದೊಂದು ಪದ್ಧತಿ ಇರುವುದು ನಮ್ಮ ಪಾಠದಲ್ಲಿ ಬಂದಿರಲಿಲ್ಲ. ವರ್ಷಪೂರ್ತಿ ನಾಟಿ, ಕೊಯ್ಲು ಚಪ್ಪಾಳೆಯದು ಮಾತ್ರ. ಕಣ್ಣಿದ್ದವರ ಕಣ್ಣಿಗೆ ಯಾರು ಬೇಕಾದರೂ ಮಣ್ಣೆರಚುತ್ತಾರೆ. ಕಣ್ಣೇ ಇಲ್ಲದವರ ಕಣ್ಣಿಗೆ ಎರಚುವುದಕ್ಕೆ ನಿರ್ದೇಶಕರೇ ಆಗಬೇಕು.

ಮರುದಿನ, ತಾತ ಕಿತ್ತಿಟ್ಟಿದ್ದ ಗಿಡಗಳಲ್ಲಿ ನೂಲು ಕಟ್ಟಿದ್ದನ್ನು ಹುಡುಕಿ ಕಚೇರಿಗೆ ಹೋಗಿ ಮೇಜಿನ ಮೇಲಿಟ್ಟೆ. ನಿರ್ದೇಶಕರು ಹೆದರಲಿಲ್ಲ. ಒಬ್ಬಳು ಕುರುಡಿಗೆ ಹೆದರುವುದುಂಟೇ? ನಗುತ್ತಲೇ ಹೇಳಿದರು, ‘ನೋಡಮ್ಮ, ಅತಿಥಿಗಳು ಬಂದ್ರೆ ಕೇಂದ್ರ ನಡೆಯುತ್ತೆ, ಕೇಂದ್ರ ನಡೆದ್ರೆ ನಿಮಗೆ ಊಟ. ಬೆಳೆದ ಗಿಡದ ಮುಂದೆ ನಿಂತ್ರೆ ಫೋಟೋದಲ್ಲಿ ಏನಿದೆ? ನೆಡೋದನ್ನ ನೋಡಿದ್ರೆ ಅವರಿಗೆ ಕಣ್ಣಲ್ಲಿ ನೀರು ಬರುತ್ತೆ.’

‘ನಂಗೆ ಒಂದು ಕಾಯಿ ಬೇಕಿತ್ತು ಸಾರ್. ಅಣ್ಣನ ಕೈಗೆ ಕೊಟ್ಟಿದ್ರೆ ಅಮ್ಮನ ಜಾಗ ನಂಗೆ ಸಿಗ್ತಿತ್ತು.’

‘ಅಯ್ಯೋ, ಅಷ್ಟೇನಾ? ವಾರ್ಷಿಕೋತ್ಸವಕ್ಕೆ ನಿಮ್ಮಣ್ಣನ್ನ ಕರೆಸ್ತೀನಿ. ಹಿಂದುಗಡೆ ತಾತ ಬೆಳೆದಿರೋ ತೋಟ ಇದೆಯಲ್ಲ, ಅದು ನಿಂದೇ ಅಂತೀನಿ. ನಿನ್ನ ಜಾಗ ನಿನಗೆ, ನಮ್ಮ ಕೇಂದ್ರ ನಮಗೆ. ನೀನು ಅವತ್ತು ಸುಮ್ನೆ ನೆಟ್ಟು ಸುಮ್ನೆ ಎದ್ದು ಬಾ.’

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಗಿಡ ಎತ್ತಿಕೊಂಡು ಹೊರಗೆ ಬಂದು ತಾತನ ಕೈಗೆ ವಾಪಸು ಕೊಟ್ಟೆ. ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ಬಾಯಿ ಮುಚ್ಚಿಕೊಂಡರೆ ಅಮ್ಮನ ಜಾಗ. ಬಾಯಿ ಮುಚ್ಚಿಕೊಂಡಿರುವುದೂ ನನಗೆ ಹಳೆಯ ಅಭ್ಯಾಸವೇ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆಯೇ ಅಣ್ಣ ಬಂದ. ನಿರ್ದೇಶಕರು ಖುದ್ದಾಗಿ ತೋಟ ತೋರಿಸಿಕೊಂಡು ಬಂದರು. ನಾನು ಹಸಿರು ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು ಪಾತಿಯ ಹತ್ತಿರ ನಿಂತಿದ್ದೆ. ಅಣ್ಣ ಬಂದು ನನ್ನ ಅಂಗೈಯಲ್ಲಿ ಏನನ್ನೋ ಇಟ್ಟ. ತಣ್ಣಗೆ, ನುಣ್ಣಗೆ, ಭಾರವಾಗಿತ್ತು. ತೊಟ್ಟಿನ ಮುಳ್ಳು ಚುಚ್ಚಿತು.

‘ಎಂಥಾ ಕಾಯಿ ಬಿಟ್ಟಿದೆ ಪುಟ್ಟಿ!’ ಎಂದು ನನ್ನ ಬೆರಳುಗಳನ್ನು ಕಾಯಿಯ ಸುತ್ತ ಮಡಿಸಿದ. ‘ನಾನು ನಂಬಿರ್ಲಿಲ್ಲ ಕಣೇ. ತಪ್ಪಾಯ್ತು. ಕೊಟ್ಟಿಗೆ ಕಲ್ಲು ವಾಪಸ್ ಕಳಿಸ್ತೀನಿ. ಜಾಗ ನಿಂದೇ.’

ಜೀವಮಾನದಲ್ಲಿ ಮೊದಲ ಸಲ ಅಣ್ಣ ನನ್ನನ್ನು ಹೊಗಳಿದ್ದ, ಅದೂ ನಾನು ಬೆಳೆಯದ ಕಾಯಿಗೆ. ನನಗೆ ಅಳು ಬಂತು. ಕನ್ನಡಕ ಇದ್ದದ್ದು ಒಳ್ಳೆಯದಾಯಿತು.

ಮುಖ್ಯ ಅತಿಥಿ ಬಂದರು. ಮೈಕಿನಲ್ಲಿ ಒಳಗಣ್ಣಿನ ಭಾಷಣ ಆಯಿತು. ನಾವು ಸಾಲಾಗಿ ಪಾತಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತೆವು. ಅಣ್ಣ ಕೊಟ್ಟ ಕಾಯಿಯನ್ನು ಮಡಿಲಿಗೆ ಹಾಕಿಕೊಂಡು ಹಗ್ಗ ಹಿಡಿದೆ. ಗಂಟು ಸಿಕ್ಕಿತು. ಗುಣಿ ತೋಡಿದೆ. ತಟ್ಟೆಯಲ್ಲಿ ಹುಡುಕಿ ನೂಲು ಕಟ್ಟಿದ ಗಿಡವನ್ನೇ ಎತ್ತಿಕೊಂಡೆ. ನೆಟ್ಟು ಮಣ್ಣು ಒತ್ತಿದೆ. ಚಪ್ಪಾಳೆ ಬಿತ್ತು. ಮುಖ್ಯ ಅತಿಥಿ ಹೊಚ್ಚ ಹೊಸ ನೀರಿನ ಡಬ್ಬಿಯಿಂದ ಮೂರು ಹನಿ ಬಿಟ್ಟು ಫೋಟೋ ತೆಗೆಸಿಕೊಂಡರು. ಗಿಡಕ್ಕೆ ಬಾಯಾರಿಕೆ ತೀರಲಿಲ್ಲ, ಕ್ಯಾಮೆರಾಗೆ ತೀರಿತು.

‘ಏಳ್ರಪ್ಪ, ಏಳಿ’ ಎಂದರು ನಿರ್ದೇಶಕರು.

ಎಲ್ಲರೂ ಎದ್ದರು. ನಾನು ಕುಕ್ಕರುಗಾಲು ಬಿಟ್ಟು ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಎರಡೂ ಅಂಗೈಯನ್ನು ಗಿಡದ ಸುತ್ತ ಇಟ್ಟೆ.

‘ಏಳಮ್ಮ.’

‘ಏಳಲ್ಲ ಸಾರ್.’

‘ಕಾಲು ಹಿಡ್ಕೊಂಡಿರ್ಬೇಕು’ ಎಂದು ಯಾರೋ ಕನಿಕರಿಸಿದರು. ಯಾರದೋ ಕೈ ನನ್ನ ರಟ್ಟೆಗೆ ಬಂತು. ಕೊಡವಿದೆ.

‘ಇದು ನಮ್ಮ ವಿದ್ಯಾರ್ಥಿಗಳ ಮೌನ ಧ್ಯಾನ!’ ಎಂದು ನಿರ್ದೇಶಕರು ಮೈಕಿನಲ್ಲಿ ಘೋಷಿಸಿದರು. ‘ಗಿಡದ ಜೊತೆ ಮನಸ್ಸಿನಲ್ಲೇ ಮಾತಾಡ್ತಾರೆ.’ ಮತ್ತೆ ಚಪ್ಪಾಳೆ.

ನಾನು ಕನ್ನಡಕ ತೆಗೆದು ಪಾತಿಗೆ ಎಸೆದೆ. ಚಪ್ಪಾಳೆ ಬಂದ ಕಡೆಗೆ ಮುಖ ಎತ್ತಿದೆ. ಮುಖ್ಯ ಅತಿಥಿಯ ಬೂಟು ಎರಡು ಹೆಜ್ಜೆ ಹಿಂದೆ ಸರಿದ ಸದ್ದು ಕೇಳಿಸಿತು.

‘ಮೌನ ಅಲ್ಲ ಸಾರ್, ಬಾಯಿ ಇದೆ’ ಅಂದೆ. ‘ಈ ಗಿಡ ಹೋದ ಸಲವೂ ನಾನೇ ನೆಟ್ಟಿದ್ದೆ. ಎಲ್ಲಕ್ಕಿಂತ ಮೊದಲ ಸಲವೂ. ನೂಲು ಕಟ್ಟಿದೀನಿ, ಮುಟ್ಟಿ ನೋಡಿ. ಓ, ನಿಮಗೆ ಕಣ್ಣಿದೆಯಲ್ಲ, ಬರೀ ನೋಡಿ ಸಾಕು. ನೀವು ಕಾರು ಹತ್ತಿದ ಮೇಲೆ ಇದನ್ನ ಕಿತ್ತು ಮುಂದಿನೋರಿಗೆ ಎತ್ತಿಡ್ತಾರೆ. ಆಮೇಲೆ ನನ್ನ ಕೈಗುಣ ಸರಿ ಇಲ್ಲ ಅಂತಾರೆ. ಇವತ್ತು ಕೀಳೋಕೆ ಬಿಡಲ್ಲ.’

‘ತಲೆ ಸರಿ ಇಲ್ಲ ಇವಳಿಗೆ’ ಎಂದರು ನಿರ್ದೇಶಕರು. ಮೈಕ್ ಆಫ್ ಮಾಡಲು ಮರೆತಿದ್ದರು. ಆಮೇಲೆ ಬಗ್ಗಿ ನನ್ನ ಕಿವಿಯಲ್ಲಿ ಹಲ್ಲು ಕಡಿದರು, ‘ಹೊರಗೆ ಹಾಕಿಸ್ತೀನಿ.’

‘ಹಾಕ್ಸಿ. ಎತ್ಕೊಂಡು ಹೋಗಿ ಹಾಕ್ಬೇಕಾಗುತ್ತೆ. ಫೋಟೋದೋರು ಇಲ್ಲೇ ಇದಾರೆ.’

ನನ್ನ ಪಕ್ಕ ಧಪ್ಪನೆ ಯಾರೋ ಕೂತರು. ‘ನಂಗೂ ಧ್ಯಾನ ಬಂತಕ್ಕ’ ಎಂದ ರೇಡಿಯೋ. ಇಡೀ ತೋಟಕ್ಕೆ ಕೇಳುವ ಹಾಗೆ ಕೂಗಿದ, ‘ಯಾರ್ಯಾರಿಗೆ ಚಿಕಿತ್ಸೆ ಸಾಕಾಗಿದೆಯೋ ಅವರೆಲ್ಲ ಅವರವರ ಗಂಟಿನ ಹತ್ರ ಕೂತ್ಕೊಳ್ರೋ!’ ಸಾಲಿನ ಉದ್ದಕ್ಕೂ ಒಬ್ಬೊಬ್ಬರೇ ಕೂತ ಸದ್ದು. ಕನ್ನಡಕಗಳು ಬಿದ್ದ ಸದ್ದು. ಗೂಟದಿಂದ ಗೂಟದವರೆಗೆ ಹಗ್ಗ ಒಮ್ಮೆ ಅಲುಗಿ ಬಿಗಿಯಾಯಿತು, ಎಲ್ಲರೂ ಹಿಡಿದಿದ್ದರು.

ಮುಖ್ಯ ಅತಿಥಿಗೆ ಥಟ್ಟನೆ ಬೇರೆ ಕಾರ್ಯಕ್ರಮ ನೆನಪಾಯಿತು. ಕಾರು ಹೊರಟಿತು. ಕುರ್ಚಿಗಳನ್ನು ಮಡಿಸಿದರು. ತಾತ ಬುಟ್ಟಿ ಹಿಡಿದು ಬಂದು ಪಾತಿಯ ಅಂಚಿನಲ್ಲಿ ನಿಂತ. ‘ಕೀಳೋ ಮುದುಕ’ ಎಂದರು ನಿರ್ದೇಶಕರು. ಬುಟ್ಟಿ ನೆಲಕ್ಕೆ ಬಿದ್ದು ಉರುಳಿತು. ‘ಕೈಗಳು ಅಡ್ಡ ಇವೆ ಸಾರ್’ ಎಂದ ತಾತ. ಅಷ್ಟೇ ಹೇಳಿದ.

ಅಣ್ಣ ಮಾತ್ರ ನನ್ನ ಹಿಂದೆಯೇ ನಿಂತಿದ್ದ. ಅವನ ಉಸಿರು ನನಗೆ ಗೊತ್ತು.

‘ಏಳು ಪುಟ್ಟಿ’ ಎಂದ. ‘ಮಾನ ಹೋಗ್ತಿದೆ. ಮನೆಗೆ ಹೋಗೋಣ. ಜಾಗ ಕೊಟ್ಟೆ ಅಂದ್ನಲ್ಲ, ಇನ್ನೇನು ಬೇಕು ನಿಂಗೆ?’

ಮಡಿಲಲ್ಲಿದ್ದ ಬದನೆಕಾಯಿಯನ್ನು ತೆಗೆದು ಹಿಂದಕ್ಕೆ ಚಾಚಿದೆ. ‘ತಗೋ. ಇದು ತಾತ ಬೆಳೆದಿದ್ದು. ನಂದು ಇನ್ನೂ ಬಿಟ್ಟಿಲ್ಲ.’

ಜಾಗ ನನ್ನ ಕೈ ಬಿಟ್ಟು ಹೋಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಕೊಟ್ಟಿಗೆಯ ಕಲ್ಲು ಇನ್ನೂ ಅಂಗಳದಲ್ಲೇ ಇದೆ. ಅವನು ಕಾಯಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

‘ಎಲ್ಲೀವರೆಗೆ ಹೀಗೆ ಕೂತಿರ್ತೀಯ?’

‘ಕಾಯಿ ಬಿಡೋವರೆಗೆ.’

‘ಅಷ್ಟು ದಿನ ಯಾರಾದ್ರೂ ಕೂರ್ತಾರಾ?’

ನನಗೆ ನಗು ಬಂತು. ಈ ಒಂದು ಉದ್ಯೋಗದಲ್ಲಿ ನನಗೆ ಮೂವತ್ತು ವರ್ಷದ ತರಬೇತಿ ಇದೆ, ಕೊಟ್ಟವರು ಇವರೇ. ಬೆರಳಿಗೆ ಮಣ್ಣು ಒಣಗಿ ಬಿರುಕು ಬಿಡುತ್ತಿತ್ತು. ನೆಟ್ಟ ಗಿಡ ಆಗಲೇ ತಲೆ ಬಾಗಿಸಿತ್ತು.

‘ಅಣ್ಣ, ನಲ್ಲಿ ಗೋಡೆ ಪಕ್ಕ ಇದೆ’ ಅಂದೆ. ‘ಮೊದಲು ಒಂದು ಕೊಡ ನೀರು ತಂದು ಹಾಕು. ಆಮೇಲೆ ಕೂತ್ಕೋ.’